ಕಾಸರಗೋಡು ಗಡಿಸೀಮೆ

ಕೇರಳದ ಉತ್ತರದ ತುದಿಯಲ್ಲಿ, ದಕ್ಷಿಣ ಕನ್ನಡ ಜಿಲ್ಲೆಗೆ ತಾಗಿಕೊಂಡಿರುವ ಗ್ರಾಮೀಣ ಪ್ರದೇಶ. ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗಿನ ಈ ನೆಲದಲ್ಲಿ ಇಂದಿನ ಮಂಜೇಶ್ವರ ತಾಲ್ಲೂಕೂ ಕಾಸರಗೋಡು ತಾಲ್ಲೂಕಿನ ಉತ್ತರ ಭಾಗವೂ ಸೇರುತ್ತವೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಬಂಟ್ವಾಳ, ಪುತ್ತೂರು ಮತ್ತು ಸುಳ್ಯದ ಗುಡ್ಡಗಳು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಮತ್ತು ಅಡೂರು ಇಲ್ಲಿನ ಮುಖ್ಯ ಪೇಟೆ ಮತ್ತು ಊರುಗಳು. ಕನ್ನಡಿಗರು ಇದನ್ನು ‘ಗಡಿನಾಡು ಕಾಸರಗೋಡು’ ಎಂದೇ ಕರೆಯುತ್ತಾರೆ. ಹಲವು ನುಡಿಗಳು ಒಟ್ಟಿಗೆ ಬಾಳುವ ಕಾರಣಕ್ಕೆ ‘ಸಪ್ತಭಾಷಾ ಸಂಗಮ ಭೂಮಿ’ ಎಂಬ ಹೆಸರೂ ಉಂಟು.

ಈ ಸೀಮೆಗೆ ಒಂದಲ್ಲ, ಮೂರು ಗಡಿಗಳಿವೆ. ತುಳುನಾಡಿಗೂ ಮಲಯಾಳ ನಾಡಿಗೂ ನಡುವಿನ ಎಲ್ಲೆ ಚಂದ್ರಗಿರಿ ಹೊಳೆ ಎಂಬುದು ಹಳಬರ ಲೆಕ್ಕ. 1956ರ ರಾಜ್ಯದ ಗಡಿ ಅಲ್ಲಿಂದ ಎಷ್ಟೋ ಉತ್ತರಕ್ಕೆ, ತಲಪಾಡಿಯಲ್ಲಿದೆ. ಭಾಷೆಯ ಗೆರೆಯಂತೂ ಒಂದೇ ಕೇರಿಯ ಮನೆಮನೆಗಳ ನಡುವೆ ಹಾದುಹೋಗುತ್ತದೆ. ಈ ಮೂರೂ ಒಂದರ ಮೇಲೊಂದು ಕೂಡದಿರುವುದೇ ಇಲ್ಲಿನ ಚರಿತ್ರೆಯ, ಬದುಕಿನ ಮತ್ತು ತಕರಾರಿನ ಮೂಲ.

ನೆಲ ಮತ್ತು ಹೊಳೆಗಳು

ಕಡಲಿನಿಂದ ಪೂರ್ವಕ್ಕೆ ಹೋದಂತೆ ನೆಲ ಮೂರು ಹಂತಗಳಲ್ಲಿ ಏರುತ್ತದೆ. ಮೊದಲು ತೆಂಗು ತುಂಬಿದ ಮರಳಿನ ಪಟ್ಟಿ. ಅದರಾಚೆ ಮುರಕಲ್ಲಿನ ಗುಡ್ಡೆಗಳು ಮತ್ತು ಅವುಗಳ ನೆತ್ತಿಯ ಸಮತಟ್ಟಾದ ಪದವುಗಳು. ಕೊನೆಗೆ ಪಶ್ಚಿಮಘಟ್ಟದ ಕಡೆಗೆ ಏರುವ ಕಾಡುಸೆರಗು. ಬಾಯಾರಿನ ಸಮೀಪದ ಪೊಸಡಿಗುಂಪೆ ಸಾವಿರ ಅಡಿಗೂ ಮಿಕ್ಕಿ ಎತ್ತರವಿದ್ದು, ಅದರ ತುದಿಯಿಂದ ಒಂದು ಬದಿಗೆ ಕಡಲೂ ಇನ್ನೊಂದು ಬದಿಗೆ ಘಟ್ಟದ ಸಾಲೂ ಕಾಣುತ್ತವೆ.

ಪದವುಗಳಲ್ಲಿ ಮಣ್ಣು ಬಲು ತೆಳು. ಬೇಸಗೆಯಲ್ಲಿ ಕಾದ ಕಾವಲಿಯಂತಿರುವ ಈ ಕಲ್ಲುಹಾಸು ಮಳೆ ಬಿದ್ದೊಡನೆ ಹಸಿರಾಗುತ್ತದೆ. ತಗ್ಗುಗಳಲ್ಲಿ ನೀರು ನಿಂತು ಪಳ್ಳಗಳಾಗುತ್ತವೆ. ಮಳೆಗಾಲದ ಕೊನೆಗೆ ನೀಲಿ, ಬಿಳಿ ಬಣ್ಣದ ಪುಟ್ಟ ಹೂಗಳು ಬಂಡೆಯನ್ನೇ ಮುಚ್ಚುತ್ತವೆ. ಹಿಂದೆ ಮನೆಗಳ ಮಾಡಿಗೆ ಬೇಕಾದ ಮುಳಿಹುಲ್ಲು ಬರುತ್ತಿದ್ದುದು, ಊರ ದನಗಳು ಮೇಯುತ್ತಿದ್ದುದು ಇಂಥ ಗುಡ್ಡೆಗಳಲ್ಲೇ. ಕಡಿಮೆ ಮೇವಿನಲ್ಲಿ, ಜಡಿಮಳೆಯಲ್ಲಿ ಬದುಕುವ ‘ಕಾಸರಗೋಡು ಗಿಡ್ಡ’ ತಳಿಯ ಹಸು ಈ ನೆಲದ್ದೇ ಸೃಷ್ಟಿ. ಮುರಕಲ್ಲು ಅಗೆಯುವಾಗ ಮೆದು, ಗಾಳಿ ಬಿಸಿಲಿಗೆ ಗಟ್ಟಿ. ಆದ್ದರಿಂದಲೇ ಕೋಟೆ, ದೇವಸ್ಥಾನ, ಮಸೀದಿ, ಮನೆ, ತೋಟದ ಪಾಗಾರ ಎಲ್ಲಕ್ಕೂ ಇದೇ ಕಲ್ಲು. ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು, ಅದಕ್ಕೆ ‘ಲ್ಯಾಟರೈಟ್’ ಎಂಬ ವೈಜ್ಞಾನಿಕ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇದೇ ದಾರಿಯಾಗಿ ಉತ್ತರಕ್ಕೆ ಸಾಗಿದ್ದ.

ಚಂದ್ರಗಿರಿ ಇಲ್ಲಿನ ದೊಡ್ಡ ಹೊಳೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಪಯಸ್ವಿನಿ ಎಂಬ ಹೆಸರಿನಲ್ಲಿ ಸುಳ್ಯವನ್ನು ದಾಟಿ, ಸುಮಾರು 105 ಕಿ.ಮೀ. ಹರಿದು ಕಾಸರಗೋಡು ಪಟ್ಟಣದ ದಕ್ಷಿಣದಲ್ಲಿ ಕಡಲು ಸೇರುತ್ತದೆ. ಶಿರಿಯಾ, ಉಪ್ಪಳ ಮತ್ತು ಮೊಗ್ರಾಲ್ ಇತರ ಹೊಳೆಗಳು. ಕೇವಲ 16 ಕಿ.ಮೀ. ಉದ್ದದ ಮಂಜೇಶ್ವರ ಹೊಳೆ ಕೇರಳದ ಅತಿ ಚಿಕ್ಕ ನದಿ; ಅದು ಹುಟ್ಟುವುದು ಕರ್ನಾಟಕದ ಬಾಳೆಪುಣಿಯ ಗುಡ್ಡಗಳಲ್ಲಿ.

ಸುರಂಗ, ಕಟ್ಟ, ಮದಕ

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಊರಲ್ಲಿ ಎಪ್ರಿಲ್ ಹೊತ್ತಿಗೆ ನೀರಿಗೆ ತತ್ವಾರ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ, ಇಳಿಜಾರು ನೆಲ ಅದನ್ನು ಬೇಗನೆ ಕಡಲಿಗೆ ಬಿಡುತ್ತದೆ. ಈ ಕೊರತೆಗೆ ಜನ ಕಂಡುಕೊಂಡ ಉತ್ತರಗಳಲ್ಲಿ ಹೆಸರುವಾಸಿಯಾದುದು ಸುರಂಗ.

ಸುರಂಗವೆಂದರೆ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ನೀರಿನ ದಾರಿ. ಎತ್ತರ ಐದಾರು ಅಡಿ. ಅಗಲ ಎರಡು, ಎರಡೂವರೆ ಅಡಿ, ಅಂದರೆ ಒಬ್ಬ ಬಗ್ಗಿ ನಿಂತು ಪಿಕ್ಕಾಸು ಬೀಸುವಷ್ಟು. ಗುಡ್ಡೆಯ ಮೇಲಿನ ಗಿಡಮರ, ಹುತ್ತ ಮತ್ತು ಮಣ್ಣಿನ ತೇವ ನೋಡಿ ಜಾಗ ಗೊತ್ತು ಮಾಡುತ್ತಾರೆ. ಒಬ್ಬ ಅಗೆದರೆ ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಕೆಲಸದ ಅಳತೆ ಬಾವಿ ತೋಡುವವರ ‘ಕೋಲು’. ಒಳಗೆ ಉರಿಯುವ ಮೇಣದಬತ್ತಿ ಬೆಳಕಿಗೂ ಆಯಿತು, ಉಸಿರಾಟದ ಗಾಳಿ ಸಾಕಷ್ಟಿದೆಯೇ ಎಂಬ ಪರೀಕ್ಷೆಗೂ ಆಯಿತು. ಸುರಂಗ ಬಹಳ ಉದ್ದವಾದರೆ ಮೇಲಿನಿಂದ ಗಾಳಿಗಂಡಿ ತೋಡುವುದುಂಟು. ಕಲ್ಲಿನ ಸಂದಿನಿಂದ ಜಿನುಗುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ; ಪಂಪು ಬೇಡ, ವಿದ್ಯುತ್ತು ಬೇಡ. ಮೊದಲೆಲ್ಲ ಅದನ್ನು ಅಡಿಕೆಮರದ ದಂಬೆಯಲ್ಲಿ ಅಂಗಳದ ತೊಟ್ಟಿಗೋ ತೋಟದ ಕೆರೆಗೋ ಹಾಯಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಪೈಪು ಬಂದಿದೆ. ಬಾಯಾರು, ಎಣ್ಮಕಜೆ ಮತ್ತು ಗಡಿಯಾಚೆಯ ಮಾಣಿಲದಂಥ ಊರುಗಳಲ್ಲಿ ಒಂದೇ ಮನೆಗೆ ಹಲವು ಸುರಂಗಗಳಿರುವುದು ಹೊಸತಲ್ಲ.

ಮಳೆ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಊರವರು ಸೇರಿ ಕಟ್ಟುವ ತಾತ್ಕಾಲಿಕ ಅಣೆ ‘ಕಟ್ಟ’. ಗುಡ್ಡೆಯ ಓರೆಯಲ್ಲಿ ಮಳೆನೀರು ಹಿಡಿದಿಡುವ ದೊಡ್ಡ ಹೊಂಡ ‘ಮದಕ’. ಕೊಳವೆಬಾವಿ ಬಂದ ಮೇಲೆ ಇವು ಮೂರೂ ಹಿಂದೆ ಬಿದ್ದವು. ಅವುಗಳ ಬೆಲೆಯನ್ನು ಮತ್ತೆ ನಾಡಿನ ಗಮನಕ್ಕೆ ತಂದವರಲ್ಲಿ ಎಣ್ಮಕಜೆಯ ವಾಣಿನಗರದ ಪತ್ರಕರ್ತ, ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಮುಖ್ಯರು.

ಕೃಷಿ

ಭತ್ತದ ಕಾಲದಲ್ಲಿ ಗದ್ದೆಗಳಿಗೆ ನೀರಿನ ಲೆಕ್ಕದಲ್ಲೇ ಹೆಸರು. ತಗ್ಗಿನ ಬೈಲುಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ನಡುವಿನ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟುಗದ್ದೆಯಲ್ಲಿ ಒಂದೇ. 1514ರ ಸುಮಾರಿಗೆ ಕುಂಬಳೆಯ ಬಂದರನ್ನು ವರ್ಣಿಸಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ, ಇಲ್ಲಿಂದ ಮಾಲ್ದೀವ್ಸಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತೆಂದು ಬರೆದಿದ್ದಾನೆ. ಇಂದು ಬಹುಪಾಲು ಬೈಲುಗಳು ಅಡಿಕೆ ತೋಟಗಳಾಗಿವೆ. ನಡುನಡುವೆ ತೆಂಗು, ಕಾಳುಮೆಣಸು, ಬಾಳೆ ಮತ್ತು ಕೊಕ್ಕೊ. ಗುಡ್ಡೆಗಳಲ್ಲಿ ಗೇರು, ರಬ್ಬರು.

ಮಲೆನಾಡಿನಂತೆ ಹಸಿ ಅಡಿಕೆಯನ್ನು ಬೇಯಿಸಿ ಕೆಂಪು ಮಾಡುವುದು ಇಲ್ಲಿನ ರೂಢಿಯಲ್ಲ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ ಸುಮಾರು ನಲವತ್ತು ಬಿಸಿಲಿಗೆ ಒಣಗಿಸಿ, ಸುಲಿದು, ‘ಚಾಲಿ’ ಮಾಡಿ ಮಾರುತ್ತಾರೆ. ಮಳೆಗಾಲದ ದೊಡ್ಡ ಹೆದರಿಕೆ ಕೊಳೆರೋಗ. ಅದನ್ನು ತಡೆಯಲು ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಬಿಡುವು ಕೊಟ್ಟಾಗ ಸಿಂಪಡಿಸಬೇಕು. ಮರ ಹತ್ತಬಲ್ಲವರು ಸಿಕ್ಕದೆ ಈ ಕೆಲಸ ವರ್ಷವರ್ಷಕ್ಕೂ ಕಷ್ಟವಾಗುತ್ತಿದೆ.

ಅಡಿಕೆಗೆ ರಾಜ್ಯದ ಗಡಿ ಗೊತ್ತಿಲ್ಲ. ಬೆಲೆ ಕುಸಿತದಿಂದ ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಜಂಟಿ ಪ್ರಯತ್ನ. ಬದಿಯಡ್ಕದ ಬೆಳೆಗಾರನೂ ಪುತ್ತೂರಿನ ಬೆಳೆಗಾರನೂ ಅದರಲ್ಲಿ ಸಮಾನ ಸದಸ್ಯರು. ಕಾಸರಗೋಡಿನ ಕೂಡ್ಲುವಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದುದು ಇಂದಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ.

ಈ ಕೃಷಿಚರಿತ್ರೆಯ ಕರಾಳ ಅಧ್ಯಾಯ ಎಂಡೋಸಲ್ಫಾನ್. ಸರ್ಕಾರಿ ಸ್ವಾಮ್ಯದ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಗುಡ್ಡೆಯ ಮೇಲೆ ಬಿದ್ದ ವಿಷ ಕೆಳಗಿನ ತೋಡು, ಕೆರೆ, ಸುರಂಗಗಳಿಗೆ ಇಳಿಯುವಂಥ ನೆಲ ಇದು. ಎಣ್ಮಕಜೆಯ ಪಡ್ರೆ, ಸ್ವರ್ಗ ಮೊದಲಾದ ಊರುಗಳಲ್ಲಿ ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯ ಮತ್ತು ನರಸಂಬಂಧಿ ಕಾಯಿಲೆಗಳು ಗುಂಪುಗುಂಪಾಗಿ ಕಂಡುಬಂದುದನ್ನು ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಬೆಳಕಿಗೆ ತಂದರು. ಜನರ ಹೋರಾಟ ದೇಶದ ಗಮನ ಸೆಳೆದು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದನ್ನು ತಡೆಯಿತು. ಸಂತ್ರಸ್ತರ ಪರಿಹಾರ, ಚಿಕಿತ್ಸೆಯ ಬೇಡಿಕೆ ಆ ಮೇಲೂ ಮುಂದುವರಿಯಿತು.

ಇತಿಹಾಸ

ಮಧ್ಯಯುಗದಿಂದ ಈ ಸೀಮೆಯನ್ನು ಆಳಿದವರು ಕುಂಬಳೆಯ ಅರಸರು. ಮಾಯಿಪ್ಪಾಡಿಯ ಅರಮನೆ ಅವರ ನೆನಪಾಗಿ ಉಳಿದಿದೆ. ಅಡೂರು, ಮಧೂರು, ಕಾವು ಮತ್ತು ಕಣಿಯಾರ ಎಂಬ ನಾಲ್ಕು ದೇವಸ್ಥಾನಗಳು ಕುಂಬಳೆ ಸೀಮೆಯ ಪ್ರಧಾನ ಕ್ಷೇತ್ರಗಳು. ಇವುಗಳಲ್ಲಿ ಕಾವು ಎಂದರೆ ಮುಜುಂಗಾವು, ಕಣಿಯಾರವೆಂದರೆ ಕುಂಬಳೆಯ ಗೋಪಾಲಕೃಷ್ಣ ದೇವಸ್ಥಾನ. ವಿಜಯನಗರದ ಪತನದ ಬಳಿಕ ಬಲಗೊಂಡ ಕೆಳದಿಯ ನಾಯಕರು 17ನೆಯ ಶತಮಾನದಲ್ಲಿ ಇಲ್ಲಿಗೆ ಕೈಚಾಚಿದರು. ಕರಾವಳಿಯುದ್ದಕ್ಕೂ ಕೋಟೆಗಳೆದ್ದುದು ಆಗ. ಚಂದ್ರಗಿರಿಯ ದಕ್ಷಿಣಕ್ಕಿರುವ, ಶಿವಪ್ಪ ನಾಯಕನ ಕಾಲದ್ದೆನ್ನುವ ಬೇಕಲ ಕೋಟೆ ಅವುಗಳಲ್ಲಿ ಅತಿ ದೊಡ್ಡದು. 1763ರಲ್ಲಿ ಕೆಳದಿ ಹೈದರಾಲಿಗೆ ಸೋತಾಗ ಈ ನೆಲವೂ ಮೈಸೂರಿಗೆ ಸೇರಿತು. 1799ರಲ್ಲಿ ಟಿಪ್ಪುವಿನ ಮರಣದ ನಂತರ ಕಂಪನಿ ಸರ್ಕಾರದ ಕೆನರಾ ಜಿಲ್ಲೆಗೆ ಬಂತು. ಕುಂಬಳೆಯ ಅರಸ ಪಿಂಚಣಿ ಪಡೆದು ಆಳ್ವಿಕೆಯಿಂದ ಸರಿದ. 1862ರಲ್ಲಿ ಕೆನರಾ ಎರಡಾದಾಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡದಲ್ಲೇ ಉಳಿಯಿತು. ಹೀಗೆ ಆಡಳಿತ, ಶಾಲೆ, ಕೋರ್ಟು, ವ್ಯಾಪಾರ ಎಲ್ಲಕ್ಕೂ ಮಂಗಳೂರೇ ಕೇಂದ್ರವಾಯಿತು.

ಆಗಿನ ಕಾಸರಗೋಡು ತಾಲ್ಲೂಕು ಚಂದ್ರಗಿರಿಯ ದಕ್ಷಿಣಕ್ಕೂ ಬಹುದೂರ ಹಬ್ಬಿತ್ತು. 1941ರಲ್ಲಿ ರೈತರ ಹೋರಾಟ ನಡೆದ, 1943ರಲ್ಲಿ ನಾಲ್ವರು ಗಲ್ಲಿಗೇರಿದ ಕಯ್ಯೂರು ಅದೇ ತಾಲ್ಲೂಕಿನ ಊರು. ನೀಲೇಶ್ವರದಲ್ಲಿ ಓದಿದ್ದ ನಿರಂಜನರು ಆ ಘಟನೆಯನ್ನಾಧರಿಸಿ ‘ಚಿರಸ್ಮರಣೆ’ ಕಾದಂಬರಿ ಬರೆದರು.

ಗಡಿ ಪ್ರಶ್ನೆ

ರಾಜ್ಯ ಪುನರ್ವಿಂಗಡಣಾ ಆಯೋಗ ತಾಲ್ಲೂಕನ್ನು ಒಂದು ಘಟಕವಾಗಿ ಎಣಿಸಿ, ಒಟ್ಟಾರೆ ಮಲಯಾಳಿಗಳು ಹೆಚ್ಚೆಂಬ ಆಧಾರದಲ್ಲಿ ಕಾಸರಗೋಡನ್ನು ಕೇರಳಕ್ಕೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ಅದು ಜಾರಿಗೆ ಬಂತು. ಹೊಳೆಯ ಉತ್ತರ ಭಾಗವನ್ನು ಬೇರೆಯಾಗಿ ನೋಡಬೇಕಿತ್ತು ಎಂಬುದು ಕನ್ನಡಿಗರ ವಾದ. ಎಣಿಕೆಯ ವಿಷಯದಲ್ಲೂ ತಕರಾರಿತ್ತು. ಇಲ್ಲಿ ತುಳು, ಕೊಂಕಣಿ, ಮರಾಠಿ ಮನೆಮಾತಿನವರೂ ಓದುವುದು, ಲೆಕ್ಕ ಬರೆಯುವುದು ಕನ್ನಡದಲ್ಲಿ. ಜನಗಣತಿಯ ಮಾತೃಭಾಷೆಯ ಕಾಲಂ ಈ ಬಳಕೆಯನ್ನು ತೋರಿಸುವುದಿಲ್ಲ.

ಕರ್ನಾಟಕದೊಡನೆ ವಿಲೀನದ ಬೇಡಿಕೆ ಚುನಾವಣೆಯಲ್ಲೂ ಕಾಣಿಸಿಕೊಂಡಿತು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಪಕ್ಷೇತರರಾಗಿ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಮುಂದೆ ಅದೇ ಬೇಡಿಕೆಯ ಕರ್ನಾಟಕ ಸಮಿತಿಯ ಬಲದಿಂದ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. ಗಡಿ ತಕರಾರುಗಳನ್ನು ಪರಿಶೀಲಿಸಲು 1966ರ ಅಕ್ಟೋಬರಿನಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಮತ್ತು ಪಯಸ್ವಿನಿಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಕೇರಳ ಒಪ್ಪಲಿಲ್ಲ. ಅದೇ ವರದಿಯ ಬೆಳಗಾವಿಯ ಭಾಗವನ್ನು ಮಹಾರಾಷ್ಟ್ರವೂ ಒಪ್ಪಲಿಲ್ಲ. ವರದಿ ಜಾರಿಯಾಗದೆ ಉಳಿಯಿತು. ಕಣ್ಣೂರು ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ಮಂಜೇಶ್ವರ ತಾಲ್ಲೂಕು ಹುಟ್ಟಿತು.

ದೇಶದ ಸಂವಿಧಾನದ ಚರಿತ್ರೆಯಲ್ಲಿ ಈ ಸೀಮೆಗೆ ಬೇರೊಂದು ಕಾರಣಕ್ಕೆ ಹೆಸರಿದೆ. ಕೇರಳದ ಭೂಸುಧಾರಣೆಯಿಂದ ಮಠದ ಆಸ್ತಿಗೆ ಒದಗಿದ ತೊಡಕನ್ನು ಪ್ರಶ್ನಿಸಿ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳ ಪೀಠ 1973ರ ಎಪ್ರಿಲ್ 24ರಂದು ಕೊಟ್ಟ ತೀರ್ಪು, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. 2020ರಲ್ಲಿ ತೀರಿಕೊಂಡ ಸ್ವಾಮೀಜಿ ಸ್ವತಃ ಭಾಗವತಿಕೆ ಮಾಡುತ್ತಿದ್ದ ಯಕ್ಷಗಾನ ಪೋಷಕರು.

ಜನ ಮತ್ತು ನುಡಿ

ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮತ್ತು ಉರ್ದು ಇಲ್ಲಿನ ಮುಖ್ಯ ನುಡಿಗಳು. ಹವ್ಯಕರದ್ದು ಹಳೆಯ ರೂಪಗಳನ್ನು ಉಳಿಸಿಕೊಂಡ ಹವಿಗನ್ನಡ. ಕರಾಡರದ್ದು ಕರಾಡಿ. ಗುಡ್ಡದ ತಪ್ಪಲಿನ ಮರಾಟಿಗರದ್ದು ಮರಾಠಿಯ ಒಂದು ಬಗೆ. ಉಪ್ಪಳದ ಹನಫಿ ಮುಸಲ್ಮಾನರ ಮನೆಯಲ್ಲಿ ಉರ್ದು. ಬುಟ್ಟಿ ಹೆಣೆಯುವ ಕಸುಬಿನ ಕೊರಗ ಸಮುದಾಯ ಕೇರಳದಲ್ಲಿ ಇರುವುದು ಈ ಜಿಲ್ಲೆಯಲ್ಲಿ ಮಾತ್ರ. ಪೇಟೆಯ ಅಂಗಡಿಕಾರ ಗಿರಾಕಿಯ ಮುಖ ನೋಡಿ ತುಳುವಿನಲ್ಲೋ ಮಲಯಾಳದಲ್ಲೋ ಮಾತು ತೆಗೆಯುತ್ತಾನೆ, ಚೀಟಿ ಬರೆಯುವಾಗ ಕನ್ನಡಕ್ಕೆ ಹೊರಳುತ್ತಾನೆ. ನಾಲ್ಕು ಭಾಷೆ ಬಲ್ಲವರನ್ನು ಇಲ್ಲಿ ಯಾರೂ ಪಂಡಿತರೆಂದು ಎಣಿಸುವುದಿಲ್ಲ.

ಕನ್ನಡ ಇಲ್ಲಿ ಮನೆಮಾತಿಗಿಂತ ಹೆಚ್ಚಾಗಿ ಓದುಬರಹದ ಭಾಷೆ ಎಂಬುದಕ್ಕೆ ಸಾಹಿತ್ಯವೇ ಸಾಕ್ಷಿ. ‘ಗಿಳಿವಿಂಡು’, ‘ಗೊಲ್ಗೊಥಾ’ ಬರೆದ ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಅವರು ಕನ್ನಡದ ಕವಿ. ವಿಲೀನ ಚಳವಳಿಯ ಮುಂಚೂಣಿಯಲ್ಲಿದ್ದ, ಶಿಕ್ಷಕರೂ ಕೃಷಿಕರೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳದು (1915–2015) ತುಳು. ಚಂದ್ರಗಿರಿಯ ದಡದ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಾಗಿಸಿದ ಸಾರಾ ಅಬೂಬಕ್ಕರ್ (1936–2023) ಮನೆಯಲ್ಲಿ ಮಲಯಾಳ ಆಡಿ ಶಾಲೆಯಲ್ಲಿ ಕನ್ನಡ ಕಲಿತವರು. ಕಾರಡ್ಕದ ಕೆ.ವಿ. ತಿರುಮಲೇಶ್, ಕೂಡ್ಲುವಿನ ಕೆ.ಟಿ. ಗಟ್ಟಿ ಇದೇ ಮಣ್ಣಿನವರು. ‘ತುಳು ಶ್ರೀ ಭಾಗವತೊ’ದಂಥ ಹಳೆಯ ತುಳು ಕಾವ್ಯಗಳ ತಾಳೆಗರಿಗಳನ್ನು ಹುಡುಕಿ ಓದಿದ ವೆಂಕಟರಾಜ ಪುಣಿಂಚತ್ತಾಯರು ಇಲ್ಲಿ ನೆಲೆಸಿ ದುಡಿದವರು.

ಆರಾಧನೆ

ಚಂದ್ರಗಿರಿಯ ದಕ್ಷಿಣಕ್ಕೆ ತೆಯ್ಯಂ, ಉತ್ತರಕ್ಕೆ ಭೂತಕೋಲ ಎನ್ನುವುದು ಸಾಮಾನ್ಯ ವಿಂಗಡಣೆ. ಆದರೆ ಕುಂಬಳೆ, ಮಂಜೇಶ್ವರದವರೆಗೂ ಎರಡೂ ಬೆರೆತು ಕಾಣುತ್ತವೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಮುಸ್ಲಿಂ ಮೂಲದ ದೈವವೆಂದು ನಂಬುವ ಆಲಿಯ ತೆಯ್ಯಂ ನಡೆಯುತ್ತದೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ಕ್ಷೇತ್ರದ ಜಾತ್ರೆಗೆ ಮುನ್ನ, ವಿಷು ಕಳೆದ ಮೇಲಿನ ಒಂದು ಶುಕ್ರವಾರ, ದೈವಪಾತ್ರಿಗಳು ಪರಿವಾರದೊಡನೆ ಜಮಾಅತಿನ ಮಸೀದಿಗೆ ಹೋಗುತ್ತಾರೆ. ಜಮಾಅತಿನ ಹಿರಿಯರು ಎದುರುಗೊಳ್ಳುತ್ತಾರೆ. ಜಾತ್ರೆಗೆ ಕರೆ ಕೊಡುವ ಈ ಕ್ರಮ ಎರಡೂ ಕಡೆಯವರಿಗೆ ಕಟ್ಟುಪಾಡೇ ಹೊರತು ಔತಣದ ಉಪಚಾರವಲ್ಲ.

ಮಧೂರಿನ ಅನಂತೇಶ್ವರ ದೇವಸ್ಥಾನದ ಗರ್ಭಗುಡಿ ಗಜಪೃಷ್ಠಾಕಾರದ್ದು, ಮೇಲೆ ಮೂರು ಅಂತಸ್ತಿನ ಮಾಡು. ಪ್ರಧಾನ ದೇವರು ಶಿವನಾದರೂ ಭಕ್ತರ ಬಾಯಲ್ಲಿ ಅದು ಮಧೂರು ಗಣಪತಿ, ಪ್ರಸಾದ ಅಪ್ಪ. ಅನಂತಪುರದ ದೇವಸ್ಥಾನ ಮುರಕಲ್ಲಿನ ಕೊಳದ ನಡುವಿದೆ. ತಿರುವನಂತಪುರದ ಪದ್ಮನಾಭನಿಗೆ ಇದೇ ಮೂಲಸ್ಥಾನವೆಂಬ ನಂಬಿಕೆಯಿದೆ. ಆ ಕೊಳದಲ್ಲಿದ್ದ ‘ಬಬಿಯ’ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿ ಬಂದಿದ್ದರು. ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಕೇರಳ ಕರಾವಳಿಯ ಹಳೆಯ ಮಸೀದಿಗಳಲ್ಲೊಂದೆಂಬ ಪ್ರತೀತಿ ಇದೆ. ಪಕ್ಕದ ಮೊಗ್ರಾಲ್ ಮಾಪ್ಪಿಳ ಹಾಡುಗಳ ಊರಾಗಿ ‘ಇಶಲ್ ಗ್ರಾಮ’ ಎನಿಸಿದೆ.

ಯಕ್ಷಗಾನ

ತೆಂಕುತಿಟ್ಟು ಯಕ್ಷಗಾನದ ತವರು ಕುಂಬಳೆ ಸೀಮೆ. ರಾಮಾಯಣದ ಪ್ರಸಂಗಗಳ ಕರ್ತೃವೆಂದು ಹೇಳುವ ಪಾರ್ತಿಸುಬ್ಬ ಕುಂಬಳೆಯವನೆಂಬುದು ಪರಂಪರೆಯ ಮಾತು. ಮುಳಿಯ ತಿಮ್ಮಪ್ಪಯ್ಯನವರು ಅದನ್ನು ಸಮರ್ಥಿಸಿ ಬರೆದರೆ, ಶಿವರಾಮ ಕಾರಂತರು ಆ ಪ್ರಸಂಗಗಳ ಕರ್ತೃತ್ವವನ್ನೇ ಪ್ರಶ್ನಿಸಿದರು. ಕನ್ನಡ ಸಂಶೋಧನೆಯ ಬಿಸಿಯೇರಿದ ಚರ್ಚೆಗಳಲ್ಲಿ ಇದೂ ಒಂದು. ಬಣ್ಣದ ವೇಷಗಳ ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದು, ಎತ್ತರದ ಕಿರೀಟ ಮತ್ತು ಚೆಂಡೆಯ ಅಬ್ಬರ ಕಥಕಳಿಯ ನೆಂಟಸ್ತಿಕೆಯನ್ನು ತೋರಿಸಿದರೆ, ಪದ, ಅರ್ಥ ಎಲ್ಲವೂ ಕನ್ನಡ. ವೇಷವಿಲ್ಲದೆ ಕುಳಿತು ವಾದಿಸುವ ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥಗಾರಿಕೆಯನ್ನು ಬೌದ್ಧಿಕ ಎತ್ತರಕ್ಕೆ ಒಯ್ದವರು. ತುಳು ಮನೆಮಾತಿನ ಹಳ್ಳಿಯ ಹುಡುಗ ಶುದ್ಧ ಗ್ರಾಂಥಿಕ ಕನ್ನಡವನ್ನು ಮೊದಲು ಕೇಳುವುದು ಬಹಳ ಸಲ ಮೇಳದ ಆಟದಲ್ಲೇ.

ಇಂದಿನ ಸ್ಥಿತಿ

1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಅದರ ತಿದ್ದುಪಡಿಗಳೊಂದಿಗೆ, ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಕನ್ನಡ ಮಾಧ್ಯಮ ಶಾಲೆಗಳಿವೆ, ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಆದರೂ ಕನ್ನಡ ಬಾರದ ಶಿಕ್ಷಕರ ನೇಮಕ, ಮಲಯಾಳದಲ್ಲಷ್ಟೇ ಸಿಗುವ ಅರ್ಜಿಗಳ ಬಗ್ಗೆ ದೂರು ನಿಂತಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದಾಗ ಪ್ರತಿಭಟನೆ ನಡೆಯಿತು. ಇದೇ ಸಮಸ್ಯೆಯನ್ನು ನಗೆಯ ಧಾಟಿಯಲ್ಲಿ ಹೇಳಿದ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಗಡಿಯ ಭಾರ ನಿಜವಾಗಿ ತಟ್ಟಿದ್ದು 2020ರ ಮಾರ್ಚಿನಲ್ಲಿ. ಕೊರೊನಾ ಹಬ್ಬುವ ಭಯದಿಂದ ಕರ್ನಾಟಕ ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಸಿತು. ದೊಡ್ಡ ಕಾಯಿಲೆಗೆಲ್ಲ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜನ ದಾರಿಯಲ್ಲಿ ಸಿಕ್ಕಿಬಿದ್ದರು. ಚಿಕಿತ್ಸೆ ಸಿಗದೆ ಸಾವುಗಳೂ ಆದವು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಬದಿಯಡ್ಕ ಬಳಿಯ ಉಕ್ಕಿನಡ್ಕದಲ್ಲಿ ಕಟ್ಟಲಾಗುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಆ ಎಪ್ರಿಲಿನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿಸಲಾಯಿತು.

ವಿಲೀನದ ಬೇಡಿಕೆ ಈಗ ಸಭೆಗಳ ನಿರ್ಣಯಗಳಲ್ಲಿ ಉಳಿದಿದೆ. ದಿನನಿತ್ಯದ ಬೇಡಿಕೆ ಬೇರೆ: ಕನ್ನಡ ಬಲ್ಲ ಮೇಷ್ಟ್ರು, ಕನ್ನಡದಲ್ಲೊಂದು ಅರ್ಜಿ ನಮೂನೆ, ಹತ್ತಿರದಲ್ಲೊಂದು ಒಳ್ಳೆಯ ಆಸ್ಪತ್ರೆ, ಪುತ್ತೂರು ಮಂಗಳೂರುಗಳಿಗೆ ತಡೆಯಿಲ್ಲದ ರಸ್ತೆ. ಇವುಗಳಲ್ಲಿ ಮೊದಲ ಮೂರಕ್ಕೆ ಉತ್ತರ ಕೊಡಬೇಕಾದುದು ತಿರುವನಂತಪುರ. ನಾಲ್ಕನೆಯದಕ್ಕೆ ಬೆಂಗಳೂರೂ ಸೇರಬೇಕು.